ನೂರ ನಲವತ್ತೊಂದು

ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಹೀಟರು ಕೆಮ್ಮುತ್ತಿತ್ತು.
ಮೇಜಿನ ಮೇಲೆ ಬೇಕರಿಯಿಂದ ಎರವಲು ತಂದ ತಕ್ಕಡಿ,
ಹತ್ತು ಕಿಲೋ ಮೈದಾ, ಒಂದು ಡಬ್ಬಿ ಕಾಕಂಬಿ,
ಲ್ಯಾಂಟರ್ನ್ ಕೋವಿನ ಹೆಂಗಸರು ಐವತ್ತು ವರ್ಷದ ಹಿಂದೆ
ಬಲೆ ಹೊಲಿಯುವ ದಾರದಲ್ಲಿ ಕಟ್ಟಿದ ಅಡುಗೆ ಪುಸ್ತಕ.
ಈಗ ಮರುಮುದ್ರಣವಂತೆ.
ಸೇಂಟ್ ಜಾನ್ಸಿನ ಪ್ರಕಾಶಕಿ ಬರೆದಿದ್ದಳು:
ಕಪ್ಪಿನ ಲೆಕ್ಕ ಬೇಡ, ಗ್ರಾಮಿನಲ್ಲಿ ಕೊಡಿ.

ಸುಲಭವೆಂದು ಒಪ್ಪಿಕೊಂಡೆ. ಶಾಲೆಯಲ್ಲಿ ಗಣಿತದ ಮೇಡಂ ನಾನು.
ಕಪ್ಪಿಗೆ ಇಷ್ಟು, ಗುಣಿಸು, ಬರೆ, ಮುಂದಿನ ಪುಟ.

ನೀರು ಹೇಳಿದ ಮಾತು ಕೇಳುತ್ತದೆ, ಅಳೆದಷ್ಟೇ ತೂಗುತ್ತದೆ.
ಕಾಕಂಬಿ ಕಪ್ಪಿನಲ್ಲೇ ಅರ್ಧ ಕೂತು
ತನಗೆ ಮನಸ್ಸಾದಾಗ ಇಳಿಯುತ್ತದೆ.
ಕಂದು ಸಕ್ಕರೆ ಒತ್ತಿದಷ್ಟೂ ಜಾಗ ಕೊಡುತ್ತದೆ,
ಬಡವರ ಮನೆಯ ಮಂಚದ ಹಾಗೆ.
ಮೈದಾ ಮಾತ್ರ ಅರ್ಧ ಹಿಟ್ಟು, ಅರ್ಧ ಗಾಳಿ.
ಮಂಜು ಕವಿದ ದಿನ
ಅದೂ ಒಂದೆರಡು ಗ್ರಾಂ ಕಡಲು ಕುಡಿದಿರುತ್ತದೆ.

ಒಬ್ಬೊಬ್ಬರನ್ನೇ ಕರೆದೆ. ಅದೇ ಕಪ್, ಅದೇ ಚೀಲ.
ಡ್ರುಸಿಲ್ಲಾ ಪೆನ್ನಿ ಚಮಚದಿಂದ ಉದುರಿಸಿದಳು
ಕೂಸಿನ ಬೆನ್ನಿಗೆ ಪೌಡರ್ ಹಾಕಿದಂತೆ: ನೂರ ಹದಿನೆಂಟು.
ಹೆಸ್ಟರ್ ಬಗ್ಡೆನ್ ಚೀಲಕ್ಕೇ ಕಪ್ ಇಳಿಸಿದಳು,
ದೋಣಿಯೊಳಗಿನ ನೀರು ಮೊಗೆದು ಚೆಲ್ಲಿದ ಕೈ ಅದು: ನೂರ ಐವತ್ತಾರು.
ಅವಳ ತಂಗಿ, ಅವಳೊಡನೆ ಹನ್ನೊಂದು ವರ್ಷದಿಂದ ಮಾತು ಬಿಟ್ಟವಳು,
ಆಚೆ ತುದಿಯ ಕುರ್ಚಿಯಿಂದ ಎದ್ದು ಬಂದು ಅಳೆದಳು.
ನೂರ ಐವತ್ತಾರು.
ಯಾರೂ ನಗಲಿಲ್ಲ.
ಕೈಗುಣ ಅನ್ನುತ್ತಾರಲ್ಲ,
ಅದನ್ನು ಅಂಕಿಯಲ್ಲಿ ನೋಡಿದ್ದು ಅವತ್ತೇ.

ನಲವತ್ತೆರಡನೆಯ ಪುಟ, ಕಾಕಂಬಿ ಬನ್.
ಫಿಲೊಮಿನಾ ಕೀಯೊ ಬರೆದದ್ದು. ಅವಳು ಹೋಗಿ ಮೂರು ಚಳಿಗಾಲ.
'ಮೈದಾ ಮೂರು ಕಪ್. ಒಲೆ ಚೆನ್ನಾಗಿ ಕಾದಿರಲಿ.' ಅಷ್ಟೇ.
ಎಲ್ಲರ ಸರಾಸರಿ ತೆಗೆದು ಬೇಯಿಸಿದೆ, ಇಟ್ಟಿಗೆ ಬಂತು.
ಕಡಿಮೆ ಮಾಡಿದೆ,
ತಟ್ಟೆಯ ತುಂಬ ಹರಿದು ಕೆಸರಾಯಿತು.

ಕಾಡ್ ಮೀನು ಮುಗಿದು ಬಾಗಿಲು ಹಾಕಿದ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ತಕ್ಕಡಿಯ ಮುಂದೆ ನಿಂತವನು ಆಂಬ್ರೋಸ್ ಕೀಯೊ.
ಟೋಪಿ ತೆಗೆದು ಒಳಗೆ ಬಂದ,
ಕೋಟಿನ ಜೇಬಿನಿಂದ ಹಿಡಿ ಮುರಿದ ಬಿಳಿ ಮಗ್ ತೆಗೆದ.
'ಅವಳ ಕಪ್ ಇದು. ಅಂಗಡಿಯದನ್ನು ಮುಟ್ಟಿದವಳಲ್ಲ.'
ಹಿಟ್ಟು ಮೊಗೆದ. ನಿಂತ. ಕಿವಿಗೊಟ್ಟ,
ಗೋಡೆಯಾಚೆ ಯಾರೋ ಇದ್ದಂತೆ.
ಮೇಜಿಗೆ ಮಗ್ ಕುಟ್ಟಿದ. ಟಕ್. ಟಕ್.

'ಅಡುಗೆಮನೆಯಲ್ಲಿ ನಿಂತು ನೋಡಿದವನಲ್ಲ ನಾನು.
ಬೆಳಗಿನ ಪಾಳಿಗೆ ಬೂಟು ಕಟ್ಟುತ್ತ ಕೇಳಿದ್ದು.
ಎರಡೇ ಸಲ.
ಮೂರನೆಯದು ಕೇಳಿಸಿತೆಂದರೆ
ಅವಳಿಗೆ ನನ್ನ ಮೇಲೆ ಸಿಟ್ಟು ಅಂತ.'
ಬೆರಳಿನಿಂದ ಅಂಚು ಸವರಿದ, ತಕ್ಕಡಿಗಿಟ್ಟ.
ಮಗ್ಗಿನ ತೂಕ ಕಳೆದು
ನೂರ ನಲವತ್ತೊಂದು.

ಅವತ್ತಿನ ಬನ್ ಬಗ್ಗೆ ಹೇಳುವುದೇನೂ ಇಲ್ಲ.
ಒಂದೂ ಉಳಿಯಲಿಲ್ಲ.

ವಾರದ ಮೇಲೆ ಪ್ರಕಾಶಕಿಯ ಉತ್ತರ:
ಕಪ್ಪಿಗೆ ನೂರ ನಲವತ್ತು ಹಿಡಿಯೋಣ, ಓದುವವರಿಗೆ ಸಲೀಸು,
ಒಂದು ಗ್ರಾಮಿನಲ್ಲಿ ಏನಿದೆ?
ಫೋನಿನಲ್ಲಿ ಓದಿ ಹೇಳಿದೆ.
ಆಂಬ್ರೋಸನ ಉಸಿರು ಬಹಳ ಹೊತ್ತು ಕೇಳಿಸಿತು.

'ಮೀನು ತಂದವರಿಗೆ ಕಂಪನಿ ನನ್ನ ಕೈಯಿಂದ ಮಾಡಿಸಿದ್ದು ಇದನ್ನೇ.
ಕೊಸರು ಕೊಡುವುದು ಹಾಳಾಗಲಿ,
ಮುಳ್ಳು ಎಲ್ಲಿ ನಿಂತರೂ ಬರೆಯುವುದು ಕೆಳಗಿನ ಅಂಕಿ.
ಒಂದು ಪೌಂಡಿನಲ್ಲಿ ಏನಿದೆ ಅನ್ನುತ್ತಿದ್ದರು.
ಆ ಒಂದೊಂದನ್ನೂ ಒಟ್ಟಿದರೆ
ದೋಣಿ ಮುಳುಗುತ್ತದೆ ಮೇಡಂ.'

ಅಳೆದೂ ತೂಗಿ ಬರೆಯುವುದಕ್ಕೆ ಏನೂ ಉಳಿದಿರಲಿಲ್ಲ.
ಪುಟ ನಲವತ್ತೆರಡು,
ಮೈದಾ ನಾನೂರ ಇಪ್ಪತ್ತಮೂರು ಗ್ರಾಂ. ತಿದ್ದಬೇಡಿ.
ಕೆಳಗೆ ಸಣ್ಣ ಅಕ್ಷರದಲ್ಲಿ:
ಮನೆಯಲ್ಲಿ ತಕ್ಕಡಿ ಇಲ್ಲದವರು
ಮಗ್ಗನ್ನು ಮೇಜಿಗೆ ಕುಟ್ಟಿ.
ಎರಡೇ ಸಲ.